ವೆನಿಸ್‌ನಲ್ಲಿ ಒಂದೇ ದಿನ: ನಡಿಗೆ, ದೋಣಿ, ಅರಮನೆ, ದ್ವೀಪ... ಯಾರಿಗೆ ಯಾವುದು?

ಇಟಲಿಗೆ ಹೊರಡುವ ನಮ್ಮವರು ರೋಮ್‌ಗೆ ಮೂರು ದಿನ ಇಟ್ಟುಕೊಳ್ಳುತ್ತಾರೆ, ಫ್ಲಾರೆನ್ಸ್‌ಗೆ ಎರಡು. ವೆನಿಸ್‌ಗೆ ಉಳಿಯುವುದು ಒಂದೇ ದಿನ. ಆ ಒಂದು ದಿನದ ಬಗ್ಗೆಯೇ ಜಾಸ್ತಿ ಪ್ರಶ್ನೆಗಳು ಬರುತ್ತವೆ. ದೋಣಿಯ ಪಾಸ್ ಕೊಳ್ಳಬೇಕಾ, ನಡೆದರೆ ಸಾಕಾ? ಅರಮನೆಗೆ ಅಷ್ಟು ದುಡ್ಡು ಕೊಡಬಹುದಾ? ಬಣ್ಣದ ಮನೆಗಳ ಬುರಾನೊ ದ್ವೀಪ ಬಿಟ್ಟು ಬಂದರೆ ಆಮೇಲೆ ಬೇಜಾರಾಗುತ್ತಾ? ಗೊಂಡೊಲಾ ಹತ್ತಲೇಬೇಕಾ?

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಒಂದು ದಿನದಲ್ಲಿ ಇವುಗಳಲ್ಲಿ ಎರಡು ಚೆನ್ನಾಗಿ ಆಗುತ್ತವೆ. ಮೂರನೆಯದನ್ನು ಸೇರಿಸಿದರೆ ಮೂರೂ ಕೆಡುತ್ತವೆ. ವೆನಿಸ್ ಸಣ್ಣ ಊರು, ಆದರೆ ನಿಧಾನದ ಊರು. ಇಲ್ಲಿ ಕಾರಿಲ್ಲ, ಆಟೋ ಇಲ್ಲ, ಸೈಕಲ್ ಕೂಡ ಇಲ್ಲ. ಎಲ್ಲಿಗೆ ಹೋಗಬೇಕಾದರೂ ಕಾಲಲ್ಲಿ ಹೋಗಬೇಕು, ಇಲ್ಲವೇ ನೀರಲ್ಲಿ. ಹಾಗಾಗಿ ಯಾವ ಎರಡು ಬೇಕು ಅನ್ನುವುದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡುವುದು ಒಳ್ಳೆಯದು.

ಮೊದಲು ನೋಡಬೇಕಾದ್ದು

ಮೊದಲನೆಯದು ಗಂಟೆಗಳು. ವೇಗದ ರೈಲಿನಲ್ಲಿ ಫ್ಲಾರೆನ್ಸ್‌ನಿಂದ ಎರಡು ಗಂಟೆ ಚಿಲ್ಲರೆ, ಮಿಲಾನ್‌ನಿಂದ ಸುಮಾರು ಎರಡೂವರೆ ಗಂಟೆ, ರೋಮ್‌ನಿಂದ ನಾಲ್ಕು ಗಂಟೆ ಬೇಕು. ರೋಮ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಹೋಗುವವರಿಗೆ ಎಂಟು ಗಂಟೆ ರೈಲಿನಲ್ಲೇ ಹೋಗುತ್ತದೆ. ಅಂಥವರಿಗೆ ಆರೇಳು ಗಂಟೆಯ ವೆನಿಸ್ ಸಿಕ್ಕರೆ ಹೆಚ್ಚು. ಹಿಂದಿನ ರಾತ್ರಿಯೇ ಬಂದು ಉಳಿದವರಿಗೆ ಹದಿನಾಲ್ಕು ಗಂಟೆ ಸಿಗುತ್ತದೆ. ಎರಡಕ್ಕೂ ‘ಒಂದು ದಿನ’ ಅಂತಲೇ ಹೇಳುತ್ತೇವೆ, ಆದರೆ ಎರಡೂ ಒಂದೇ ಅಲ್ಲ.

ಎರಡನೆಯದು ಜೊತೆಗಿರುವವರ ಕಾಲು. ವೆನಿಸ್‌ನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ. ಹೆಚ್ಚಿನವಕ್ಕೆ ಮೆಟ್ಟಿಲುಗಳಿವೆ. ಐದು ನಿಮಿಷಕ್ಕೊಮ್ಮೆ ಹತ್ತಿ ಇಳಿಯಬೇಕು. ಮಂಡಿನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ, ತಳ್ಳುಗಾಡಿಯಲ್ಲಿ ಮಗು ಇದ್ದರೆ ಇದು ಸಣ್ಣ ವಿಷಯ ಅಲ್ಲ. ಸೂಟ್‌ಕೇಸ್ ಎಳೆದುಕೊಂಡು ತಿರುಗುವ ಯೋಚನೆಯನ್ನಂತೂ ಬಿಟ್ಟುಬಿಡಿ. ಸಾಂಟಾ ಲೂಚಿಯಾ ರೈಲು ನಿಲ್ದಾಣದಲ್ಲಿ ಸಾಮಾನು ಇಡುವ ಜಾಗ ಇದೆ.

ಮೂರನೆಯದು ದುಡ್ಡು. ಒಂದು ಯೂರೋಗೆ ನೂರು ರೂಪಾಯಿ ಎಂದು ಹಿಡಿದರೆ ಲೆಕ್ಕ ಸುಲಭ. ನಾನು ಕೊಡುವ ದರಗಳು ಕಳೆದ ಒಂದೆರಡು ವರ್ಷಗಳಲ್ಲಿ ಇದ್ದವು. ಸ್ವಲ್ಪ ಏರಿರಬಹುದು, ಟಿಕೆಟ್ ಕೊಳ್ಳುವಾಗ ನೋಡಿಕೊಳ್ಳಿ.

ನಾಲ್ಕನೆಯದು ಜನಜಂಗುಳಿ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೈದರವರೆಗೆ ರಿಯಾಲ್ಟೊ ಸೇತುವೆಗೂ ಸೇಂಟ್ ಮಾರ್ಕ್ ಚೌಕಕ್ಕೂ ನಡುವಿನ ಓಣಿಗಳಲ್ಲಿ ಹೆಜ್ಜೆ ಇಡಲು ಜಾಗ ಇರುವುದಿಲ್ಲ. ಅದೇ ಜಾಗ ಬೆಳಿಗ್ಗೆ ಎಂಟಕ್ಕೆ ಬೇರೆ ಊರಿನ ಹಾಗೆ ಕಾಣುತ್ತದೆ. ನೀವು ಯಾವ ಆಯ್ಕೆ ಮಾಡಿದರೂ ಸರಿ, ಈ ಗಡಿಯಾರವನ್ನು ಗಮನದಲ್ಲಿಟ್ಟುಕೊಂಡರೆ ದಿನ ಅರ್ಧ ಗೆದ್ದ ಹಾಗೆ.

ಇದರ ಜೊತೆ ಪ್ರವೇಶ ಶುಲ್ಕದ ವಿಷಯವನ್ನೂ ಹೇಳಬೇಕು. 2024ರ ಏಪ್ರಿಲ್‌ನಿಂದ ವೆನಿಸ್ ನಗರಸಭೆ, ರಾತ್ರಿ ಉಳಿಯದೆ ಹಗಲು ಮಾತ್ರ ಬಂದು ಹೋಗುವವರಿಂದ ಶುಲ್ಕ ತೆಗೆದುಕೊಳ್ಳುತ್ತಿದೆ. ಎಲ್ಲ ದಿನವೂ ಅಲ್ಲ. ವಸಂತ ಮತ್ತು ಬೇಸಿಗೆಯಲ್ಲಿ ಗೊತ್ತುಪಡಿಸಿದ ದಿನಗಳಿಗೆ, ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ ಮಾತ್ರ. 2024ರಲ್ಲಿ ಅಂಥ 29 ದಿನಗಳಿದ್ದವು, 2025ರಲ್ಲಿ 54. ಮುಂಚೆಯೇ ಕಟ್ಟಿದರೆ 5 ಯೂರೋ, ಕೊನೆಯ ಗಳಿಗೆಯಲ್ಲಾದರೆ 10. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗಿಲ್ಲ. ವೆನಿಸ್‌ನಲ್ಲಿ ಅಥವಾ ಅದೇ ನಗರಸಭೆಗೆ ಸೇರಿದ ಮೆಸ್ತ್ರೆಯಲ್ಲಿ ಹೋಟೆಲ್ ಮಾಡಿದವರಿಗೂ ಇಲ್ಲ. ಆದರೆ ಅವರೂ ಆನ್‌ಲೈನ್‌ನಲ್ಲಿ ವಿನಾಯಿತಿ ದಾಖಲಿಸಿಕೊಂಡು ಕ್ಯೂಆರ್ ಕೋಡ್ ಇಟ್ಟುಕೊಳ್ಳಬೇಕು. ನಿಮ್ಮ ತಾರೀಖು ಪಟ್ಟಿಯಲ್ಲಿದೆಯಾ ಅಂತ ಒಮ್ಮೆ ನೋಡಿಬಿಡಿ.

ನಡೆಯುವುದು: ಖರ್ಚು ಕಡಿಮೆ, ಸಿಗುವುದು ಜಾಸ್ತಿ

ಕಾಲು ಗಟ್ಟಿಯಿದ್ದವರಿಗೆ ನನ್ನ ಮೊದಲ ಸಲಹೆ ಇದೇ. ನಿಲ್ದಾಣದಿಂದ ಸೇಂಟ್ ಮಾರ್ಕ್ ಚೌಕಕ್ಕೆ ಎಲ್ಲೂ ನಿಲ್ಲದೆ ನಡೆದರೆ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಗೋಡೆಗಳ ಮೇಲೆ ‘ರಿಯಾಲ್ಟೊ ಕಡೆಗೆ’, ‘ಸಾನ್ ಮಾರ್ಕೊ ಕಡೆಗೆ’ ಎಂದು ಹಳದಿ ಫಲಕಗಳಿವೆ. ಆದರೆ ಎಲ್ಲರೂ ಆ ಫಲಕಗಳನ್ನೇ ಹಿಡಿದು ಹೋಗುತ್ತಾರೆ. ಅದಕ್ಕೇ ಆ ದಾರಿಯಲ್ಲಿ ಅಷ್ಟೊಂದು ಜನ.

ನಾನು ಹೇಳುವ ದಾರಿ ಸ್ವಲ್ಪ ಸುತ್ತು. ನಿಲ್ದಾಣದಿಂದ ಎಡಕ್ಕೆ ತಿರುಗಿ, ಗುಲ್ಯೆ ಸೇತುವೆ ದಾಟಿ, ಕನ್ನರೆಜೊ ಬಡಾವಣೆಯ ಒಳಗೆ ಹೋಗಿ. ಅಲ್ಲಿ ಘೆಟ್ಟೊ ಇದೆ. 1516ರಲ್ಲಿ ವೆನಿಸ್ ಸರಕಾರ ಯಹೂದಿಗಳನ್ನೆಲ್ಲ ಈ ಪುಟ್ಟ ದ್ವೀಪದಲ್ಲಿ ಇರಿಸಿ, ರಾತ್ರಿ ಬಾಗಿಲು ಹಾಕುತ್ತಿತ್ತು. ಜಾಗ ಸಾಲದೆ ಮನೆಗಳನ್ನು ಮೇಲಕ್ಕೆ ಮೇಲಕ್ಕೆ ಕಟ್ಟಿದರು. ವೆನಿಸ್‌ನ ಬೇರೆ ಕಡೆಗಿಂತ ಇಲ್ಲಿನ ಕಟ್ಟಡಗಳು ಎತ್ತರ, ಮಹಡಿಗಳು ಗಿಡ್ಡ. ಯಾವ ಟಿಕೆಟ್ಟೂ ಇಲ್ಲದೆ ಸುಮ್ನೆ ಚೌಕದಲ್ಲಿ ನಿಂತು ತಲೆ ಎತ್ತಿ ನೋಡಿದರೂ ಆ ಚರಿತ್ರೆ ಅರ್ಥವಾಗುತ್ತದೆ.

ಅಲ್ಲಿಂದ ಮಿಸೆರಿಕೊರ್ದಿಯಾ ಕಾಲುವೆಯ ದಂಡೆಯಲ್ಲಿ ನಡೆದು ಸ್ತ್ರಾದಾ ನೋವಾ ಬೀದಿಗೆ ಬನ್ನಿ. ಸಾಂಟಾ ಸೋಫಿಯಾ ಎಂಬಲ್ಲಿ ತ್ರಾಗೆಟ್ಟೊ ಸಿಗುತ್ತದೆ. ಇದು ಜನರನ್ನು ಊರಿನ ನಡುವೆ ಹಾಯುವ ದೊಡ್ಡ ಕಾಲುವೆಯ (ಗ್ರ್ಯಾಂಡ್ ಕೆನಾಲ್) ಆಚೆ ದಡಕ್ಕೆ ಬಿಡುವ ದೋಣಿ. ಆಕಾರ ಗೊಂಡೊಲಾದ್ದೇ, ದರ ಮಾತ್ರ 2 ಯೂರೋ. ದಾಟಲು ಎರಡು ಮೂರು ನಿಮಿಷ. ದೊಡ್ಡ ಕಾಲುವೆಗೆ ಇರುವುದು ನಾಲ್ಕೇ ಸೇತುವೆ, ಹಾಗಾಗಿ ಊರಿನವರೇ ಇದನ್ನು ಬಳಸುತ್ತಾರೆ. ಇಳಿದರೆ ಎದುರಿಗೇ ರಿಯಾಲ್ಟೊ ಮಾರುಕಟ್ಟೆ. ಬೆಳಿಗ್ಗೆ ಹೋದರೆ ಮಾತ್ರ ಅದರ ಗದ್ದಲ ಸಿಗುತ್ತದೆ. ಮೀನಿನ ಭಾಗ ಭಾನುವಾರ ಸೋಮವಾರ ಇರುವುದಿಲ್ಲ.

ಆಮೇಲೆ ಫ್ರಾರಿ ಚರ್ಚ್. ಒಳಗೆ ಹೋಗಲು ಐದಾರು ಯೂರೋ. ಮುಖ್ಯ ಪೀಠದ ಮೇಲೆ ಟಿಶಿಯನ್ 1518ರಲ್ಲಿ ಮುಗಿಸಿದ, ಮೇರಿ ಸ್ವರ್ಗಕ್ಕೆ ಏರುವ ಚಿತ್ರ ಇದೆ. ಅದರ ಕೆಂಪು ಬಣ್ಣ ಚರ್ಚ್‌ನ ಬಾಗಿಲಿನಿಂದಲೇ ಕಣ್ಣಿಗೆ ಬೀಳುತ್ತದೆ. ಯಾವ ಚೌಕಟ್ಟಿಗಾಗಿ, ಯಾವ ಬೆಳಕಿಗಾಗಿ ಬರೆದರೋ ಅದೇ ಜಾಗದಲ್ಲಿ ಚಿತ್ರ ಈಗಲೂ ನಿಂತಿದೆ. ಮ್ಯೂಸಿಯಂನಲ್ಲಿ ಈ ಅನುಭವ ಸಿಗುವುದಿಲ್ಲ. ವೆನಿಸ್‌ನಲ್ಲಿ ಐದಾರು ಯೂರೋಗೆ ಸಿಗುವ ಅತ್ಯುತ್ತಮ ಅರ್ಧ ಗಂಟೆ ಇದು ಎಂದು ನಾನು ನಂಬುತ್ತೇನೆ.

ಮುಂದೆ ದೊರ್ಸೊದುರೊ ಬಡಾವಣೆ. ವಿದ್ಯಾರ್ಥಿಗಳು ತುಂಬಿರುವ ಸಾಂಟಾ ಮಾರ್ಗೆರಿತಾ ಚೌಕದಲ್ಲಿ ಊಟ ಸ್ವಲ್ಪ ಅಗ್ಗ. ಸಾನ್ ತ್ರೊವಾಸೊ ಹತ್ತಿರ ಗೊಂಡೊಲಾ ಕಟ್ಟುವ, ರಿಪೇರಿ ಮಾಡುವ ಹಳೆಯ ಮರದ ಕೊಟ್ಟಿಗೆ ಇದೆ. ಎದುರು ದಂಡೆಯಲ್ಲಿ ನಿಂತು ನೋಡಬಹುದು. ಆಮೇಲೆ ಅಕಾದೆಮಿಯಾ ಸೇತುವೆ ದಾಟಿ ಸೇಂಟ್ ಮಾರ್ಕ್ ಚೌಕಕ್ಕೆ ಬಂದರೆ ಸಂಜೆಯಾಗಿರುತ್ತದೆ, ಜನ ಕರಗುತ್ತಿರುತ್ತಾರೆ.

ಊಟ ಬಿಟ್ಟರೆ ಇಡೀ ದಿನಕ್ಕೆ ತಲೆಗೆ ಹತ್ತು ಯೂರೋ ಒಳಗೆ. ಕಳೆದುಕೊಳ್ಳುವುದು ಏನು? ಊರನ್ನು ನೀರಿನ ಕಡೆಯಿಂದ ನೋಡುವ ಅವಕಾಶ. ಇದು ಸಣ್ಣ ನಷ್ಟ ಅಲ್ಲ. ವೆನಿಸ್‌ನ ಸಿರಿವಂತರ ಮನೆಗಳ ಮುಂಬಾಗಿಲು ಕಾಲುವೆಯ ಕಡೆಗಿತ್ತು. ಓಣಿಯಿಂದ ನಮಗೆ ಕಾಣುವುದು ಹೆಚ್ಚಾಗಿ ಅವುಗಳ ಹಿತ್ತಲು. ಹಾಗಾಗಿ ನಡೆಯುವವರೂ ಒಂದು ಸಲ, ಒಂದೇ ಸಲ, ದೋಣಿ ಹತ್ತಬೇಕು.

ವಪೊರೆಟ್ಟೊ: ಪಾಸ್ ಯಾವಾಗ ಲಾಭ?

ವಪೊರೆಟ್ಟೊ ಅಂದರೆ ವೆನಿಸ್‌ನ ಸಿಟಿ ಬಸ್. ನೀರಿನ ಮೇಲೆ ಓಡುತ್ತದೆ, ಅಷ್ಟೇ. 75 ನಿಮಿಷದ ಒಂದು ಟಿಕೆಟ್ 9.50 ಯೂರೋ. 24 ಗಂಟೆಯ ಪಾಸ್ 25 ಯೂರೋ. ಎರಡು ಸಲ ಹತ್ತುವುದಾದರೆ ಬಿಡಿ ಟಿಕೆಟ್ ಕೊಳ್ಳಿ, ಮೂರು ಸಲಕ್ಕೆ ಪಾಸ್ ಕೊಳ್ಳಿ. ಆರು ವರ್ಷದೊಳಗಿನ ಮಕ್ಕಳಿಗೆ ಉಚಿತ. ಹತ್ತುವ ಮುಂಚೆ ಟಿಕೆಟ್ಟನ್ನು ಯಂತ್ರಕ್ಕೆ ಮುಟ್ಟಿಸಲು ಮರೆಯಬೇಡಿ. ಟಿಕೆಟ್ ಇದ್ದೂ ಮುಟ್ಟಿಸದಿದ್ದರೆ ದಂಡ ಬೀಳುತ್ತದೆ.

ಒಂದೇ ಸಲ ಹತ್ತುವವರು ಒಂದನೇ ನಂಬರ್ ದೋಣಿ ಹತ್ತಿ. ಇದು ದೊಡ್ಡ ಕಾಲುವೆಯ ಬಹುತೇಕ ಎಲ್ಲ ಸ್ಟಾಪ್‌ಗಳಲ್ಲೂ ನಿಲ್ಲುತ್ತದೆ. ನಿಲ್ದಾಣದಿಂದ ಸೇಂಟ್ ಮಾರ್ಕ್‌ಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಎರಡನೇ ನಂಬರ್ ಬೇಗ ಹೋಗುತ್ತದೆ, ಆದರೆ ಇಲ್ಲಿ ಬೇಗ ಹೋಗಿ ಮಾಡುವುದೇನು? ರೈಲು ನಿಲ್ದಾಣದ ಸ್ಟಾಪ್ ಬದಲು ಐದು ನಿಮಿಷ ಹಿಂದಕ್ಕೆ ನಡೆದು ಪಿಯಾಝಾಲೆ ರೋಮಾದಲ್ಲಿ ಹತ್ತಿ. ದೋಣಿ ಅಲ್ಲಿಂದಲೇ ಹೊರಡುವುದರಿಂದ ಹೊರಗಿನ ಸೀಟು ಸಿಗುವ ಸಾಧ್ಯತೆ ಜಾಸ್ತಿ. ಬೆಳಿಗ್ಗೆ ಒಂಬತ್ತರ ಒಳಗೆ, ಇಲ್ಲವೇ ಕತ್ತಲಾದ ಮೇಲೆ. ಮಧ್ಯಾಹ್ನದ ದೋಣಿಯಲ್ಲಿ ನಿಂತು, ಬೇರೆಯವರ ಬೆನ್ನು ನೋಡಿಕೊಂಡು ಹೋಗುವುದಕ್ಕೆ 9.50 ಯೂರೋ ಕೊಡಬೇಡಿ.

ದಾರಿಯಲ್ಲಿ ಎಡಕ್ಕೆ ವೆಂದ್ರಾಮಿನ್ ಕಲೆರ್ಜಿ ಅರಮನೆ ಬರುತ್ತದೆ. ಸಂಗೀತಗಾರ ವಾಗ್ನರ್ 1883ರಲ್ಲಿ ತೀರಿಕೊಂಡದ್ದು ಇಲ್ಲಿ. ಸ್ವಲ್ಪ ಮುಂದೆ ಅದೇ ಬದಿಗೆ ಕಾ ದೊರೊ, ಹದಿನೈದನೇ ಶತಮಾನದ್ದು. ಒಂದು ಕಾಲಕ್ಕೆ ಅದರ ಮುಂಭಾಗಕ್ಕೆ ಚಿನ್ನದ ಲೇಪ ಇತ್ತು. ಆಮೇಲೆ 1591ರಲ್ಲಿ ಮುಗಿದ ರಿಯಾಲ್ಟೊ ಸೇತುವೆಯ ಕೆಳಗೆ ದೋಣಿ ಹಾಯುತ್ತದೆ. ಕೊನೆಗೆ ಬಲಕ್ಕೆ ಸಲೂತೆ ಚರ್ಚ್‌ನ ದೊಡ್ಡ ಗುಮ್ಮಟ. 1630ರ ಪ್ಲೇಗ್‌ನಲ್ಲಿ ಊರಿನ ಮೂರನೇ ಒಂದು ಭಾಗದಷ್ಟು ಜನ ಸತ್ತರು. ಕಾಯಿಲೆ ನಿಂತರೆ ಚರ್ಚ್ ಕಟ್ಟಿಸುತ್ತೇವೆ ಎಂದು ಹರಕೆ ಹೊತ್ತು ಕಟ್ಟಿಸಿದ್ದು ಇದು. ಈಗಲೂ ನವೆಂಬರ್ 21ರಂದು ಊರಿನವರು ದೊಡ್ಡ ಕಾಲುವೆಗೆ ತಾತ್ಕಾಲಿಕ ಸೇತುವೆ ಹಾಕಿ ನಡೆದು ಬಂದು ಮೇಣದಬತ್ತಿ ಹಚ್ಚುತ್ತಾರೆ.

ವಯಸ್ಸಾದವರು ಜೊತೆಗಿದ್ದರೆ ಪಾಸ್ ಬಗ್ಗೆ ಎರಡು ಯೋಚನೆಯೇ ಬೇಡ. ಇಡೀ ದಿನವನ್ನು ದೋಣಿಯ ಮೇಲೇ ಕಟ್ಟಿ. ದೊಡ್ಡ ಕಾಲುವೆ ಮುಗಿಸಿ, ಸೇಂಟ್ ಮಾರ್ಕ್ ಹತ್ತಿರ ಎರಡನೇ ನಂಬರ್ ಹತ್ತಿ ಎದುರಿನ ಸಾನ್ ಜಾರ್ಜೊ ಮಜ್ಜೋರೆ ದ್ವೀಪಕ್ಕೆ ಹೋಗಿ. ವಾಸ್ತುಶಿಲ್ಪಿ ಪಲ್ಲಾದಿಯೊ ಕಟ್ಟಿದ ಚರ್ಚ್ ಅಲ್ಲಿದೆ. ಅದರ ಗಂಟೆಗೋಪುರಕ್ಕೆ ಲಿಫ್ಟ್ ಇದೆ. ಸೇಂಟ್ ಮಾರ್ಕ್ ಗೋಪುರಕ್ಕೂ ಲಿಫ್ಟ್ ಇದೆ, ಎತ್ತರವೂ ಹೆಚ್ಚು, ಸುಮಾರು 99 ಮೀಟರ್. ಆದರೆ ಅಲ್ಲಿ ಕ್ಯೂ ಉದ್ದ. ಅದೂ ಅಲ್ಲದೆ ಆ ಗೋಪುರದ ಮೇಲೆ ನಿಂತರೆ ಆ ಗೋಪುರವೇ ಕಾಣುವುದಿಲ್ಲ ಅಲ್ವಾ? ಸಾನ್ ಜಾರ್ಜೊದಿಂದ ಚೌಕ, ಅರಮನೆ, ಗೋಪುರ, ಗುಮ್ಮಟಗಳು ಎಲ್ಲ ಒಟ್ಟಿಗೆ ಕಾಣುತ್ತವೆ.

ನಾಲ್ಕು ಜನರ ಕುಟುಂಬಕ್ಕೆ ಪಾಸ್ ಅಂದರೆ ನೂರು ಯೂರೋ. ಎಲ್ಲರೂ ಗಟ್ಟಿಮುಟ್ಟಾಗಿದ್ದರೆ ಇಷ್ಟು ಕೊಡಬೇಕಿಲ್ಲ. ಬಿಡಿ ಟಿಕೆಟ್ ಒಂದು ಸಲ, ಉಳಿದದ್ದು ನಡಿಗೆ. ಉಳಿದ ಅರವತ್ತೆರಡು ಯೂರೋದಲ್ಲಿ ಅರಮನೆಯ ಎರಡು ಟಿಕೆಟ್ ಬರುತ್ತದೆ.

ಸೇಂಟ್ ಮಾರ್ಕ್ ಮತ್ತು ಡೋಜ್ ಅರಮನೆ: ಚರಿತ್ರೆ ಇಷ್ಟ ಇದ್ದವರಿಗೆ

ಇದು ದುಬಾರಿ. ಅರಮನೆಯ ಟಿಕೆಟ್ 30 ಯೂರೋ, 30 ದಿನ ಮುಂಚೆ ಆನ್‌ಲೈನ್‌ನಲ್ಲಿ ಕೊಂಡರೆ 25. ಅದೇ ಟಿಕೆಟ್ಟಿನಲ್ಲಿ ಚೌಕದ ಆ ತುದಿಯ ಕೊರ್ರೆರ್ ಮ್ಯೂಸಿಯಂ ಕೂಡ ನೋಡಬಹುದು. ಆದರೆ ಒಂದೇ ದಿನ ಇದ್ದವರಿಗೆ ಅದಕ್ಕೆ ಸಮಯ ಇರುವುದಿಲ್ಲ. ಸೇಂಟ್ ಮಾರ್ಕ್ ಚರ್ಚ್‌ಗೆ ಬೇರೆ ಟಿಕೆಟ್. ಒಳಗಿನ ಪೀಠದ ಚಿನ್ನದ ಫಲಕಕ್ಕೆ, ಮೇಲಿನ ಮ್ಯೂಸಿಯಂಗೆ ಮತ್ತೆ ಬೇರೆ ಬೇರೆ. ಎಲ್ಲ ಸೇರಿ ನಾಲ್ಕು ಗಂಟೆ ಹೋಗುತ್ತದೆ.

ಹಾಗಾದರೂ ಇದಕ್ಕೆ ದುಡ್ಡು ಕೊಡಬಹುದು ಎನ್ನಲು ನನಗೆ ಗಟ್ಟಿ ಕಾರಣ ಇದೆ. ಹೊರಗೆ ನೋಡುವ ವೆನಿಸ್ ಚೆಂದದ ಊರು. ಒಳಗೆ ಹೋದಾಗ ಮಾತ್ರ ಅದು ಒಂದು ರಾಜ್ಯವಾಗಿತ್ತು ಎನ್ನುವುದು ಗೊತ್ತಾಗುತ್ತದೆ. ಸಾವಿರ ವರ್ಷ ರಾಜನಿಲ್ಲದೆ, ಡೋಜ್ ಎಂಬ ಚುನಾಯಿತ ಮುಖ್ಯಸ್ಥನ ಹೆಸರಿನಲ್ಲಿ ವ್ಯಾಪಾರಿ ಮನೆತನಗಳು ನಡೆಸಿದ ಗಣರಾಜ್ಯ ಇದು. 1797ರಲ್ಲಿ ನೆಪೋಲಿಯನ್ ಬಂದ ಮೇಲೆ ಮುಗಿಯಿತು. ಮಹಾಸಭೆಯ ಹಾಲ್ 53 ಮೀಟರ್ ಉದ್ದ ಇದೆ, ನಡುವೆ ಒಂದೂ ಕಂಬ ಇಲ್ಲ. ಡೋಜ್ ಕೂರುವ ಪೀಠದ ಹಿಂದಿನ ಇಡೀ ಗೋಡೆಗೆ ತಿಂತೊರೆತ್ತೊ ಮತ್ತು ಅವನ ಮಗ ಬರೆದ ‘ಸ್ವರ್ಗ’ದ ಚಿತ್ರ ಇದೆ. ಅದರ ಅಗಲ 22 ಮೀಟರ್. ಅದೇ ಕಟ್ಟಡದಿಂದ ನಿಟ್ಟುಸಿರಿನ ಸೇತುವೆಯ ಒಳಗೆ ನಡೆದು ಜೈಲಿಗೆ ಹೋಗುತ್ತೀರಿ. ಹೊರಗೆ ನೂರಾರು ಜನ ಆ ಸೇತುವೆಯ ಫೋಟೋ ತೆಗೆಯುತ್ತಿರುತ್ತಾರೆ. ಕೈದಿಗಳು ಕೊನೆಯ ಬಾರಿಗೆ ನೀರು ಕಾಣುತ್ತಿದ್ದರು ಎಂದು ಹೇಳುವ ಆ ಕಲ್ಲಿನ ಜಾಲಂಧ್ರದಿಂದ ನೀವು ಅವರನ್ನು ನೋಡುತ್ತೀರಿ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಎಳೆ ಇದೆ. ವೆನಿಸ್ ಸಿರಿವಂತವಾದದ್ದಕ್ಕೆ ದೊಡ್ಡ ಕಾರಣ ನಮ್ಮ ಕರಾವಳಿಯಿಂದ ಅಲೆಕ್ಸಾಂಡ್ರಿಯಾದ ಮೂಲಕ ಹೋಗುತ್ತಿದ್ದ ಮೆಣಸು ಮತ್ತು ಮಸಾಲೆ. ವಿಜಯನಗರಕ್ಕೆ ಬಂದು ವಿವರ ಬರೆಸಿದ ನಿಕೊಲೊ ಕೊಂತಿ, ವೆನಿಸ್ ನಿಂತಿರುವ ಇದೇ ಹಿನ್ನೀರಿನ ದಕ್ಷಿಣ ತುದಿಯ ಕಿಯೊಜಾ ಊರಿನವನು. ಹದಿನೈದನೇ ಶತಮಾನದ ಮೊದಲ ಭಾಗದಲ್ಲಿ ಅವನು ಬಂದಿದ್ದ. ತಾಳಿಕೋಟೆ ಯುದ್ಧ ಮುಗಿದು ಎರಡು ವರ್ಷಕ್ಕೆ, 1567ರಲ್ಲಿ, ಪಾಳು ಬಿದ್ದ ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ಚೆಸಾರೆ ಫೆದೆರಿಚಿ ಕೂಡ ವೆನಿಸ್‌ನ ವ್ಯಾಪಾರಿ. ಅರಮನೆಯಲ್ಲಿ ಭೂಪಟಗಳ ಕೋಣೆ ಒಂದಿದೆ, ನಡುವೆ ಎರಡು ದೊಡ್ಡ ಭೂಗೋಳಗಳು. ಹಂಪಿ ನೋಡಿದವರು ಆ ಕೋಣೆಯಲ್ಲಿ ಐದು ನಿಮಿಷ ಹೆಚ್ಚೇ ನಿಲ್ಲುತ್ತಾರೆ.

ಚರ್ಚ್ ಬಗ್ಗೆ ಹೇಳುವುದಾದರೆ, ಒಳಗಿನ ಕಮಾನು ಗುಮ್ಮಟಗಳಲ್ಲಿ ಸುಮಾರು 8000 ಚದರ ಮೀಟರ್ ಮೊಸಾಯಿಕ್ ಇದೆ, ಹಿನ್ನೆಲೆ ಎಲ್ಲ ಚಿನ್ನದ್ದು. ಬಾಗಿಲ ಮೇಲಿನ ನಾಲ್ಕು ಕುದುರೆಗಳು ನಕಲು. 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿ ತಂದ ಅಸಲಿ ಕುದುರೆಗಳು ಮೇಲಿನ ಮ್ಯೂಸಿಯಂನಲ್ಲಿವೆ. ಅಲ್ಲಿಗೆ ಹೋದರೆ ಚೌಕದ ಮೇಲಿನ ಬಾಲ್ಕನಿಯೂ ಸಿಗುತ್ತದೆ. ಹೆಚ್ಚುವರಿ ಟಿಕೆಟ್ಟುಗಳಲ್ಲಿ ಒಂದನ್ನೇ ಆರಿಸುವುದಾದರೆ ಇದನ್ನು ಆರಿಸಿ. ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಬೇಕು. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಭಾನುವಾರ ಬೆಳಿಗ್ಗೆ ಪ್ರವಾಸಿಗರಿಗೆ ಪ್ರವೇಶ ಇಲ್ಲ, ಮಧ್ಯಾಹ್ನದ ಮೇಲೆ ಮಾತ್ರ.

ಎರಡರಲ್ಲಿ ಒಂದೇ ಸಾಧ್ಯ ಎಂದರೆ? ಚಿತ್ರಕಲೆ, ರಾಜಕೀಯ, ಚರಿತ್ರೆ ಇಷ್ಟವಾದರೆ ಅರಮನೆ. ಸಮಯ, ದುಡ್ಡು ಎರಡೂ ಕಡಿಮೆ ಇದ್ದರೆ ಚರ್ಚ್. ಸಣ್ಣ ಮಕ್ಕಳಿದ್ದರೆ ಅರಮನೆ ಬೇಡ. ಕೋಣೆಯ ಮೇಲೆ ಕೋಣೆ, ಕೂರಲು ಜಾಗ ಕಡಿಮೆ. ಎರಡನೇ ಗಂಟೆಗೆ ಮಕ್ಕಳು ಅಳಲು ಶುರು ಮಾಡುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ.

ಮುರಾನೊ, ಬುರಾನೊ: ಫೋಟೋ ನೋಡಿ ಹೊರಡಬೇಡಿ

ಬುರಾನೊ ನಿಜವಾಗಿಯೂ ಚೆಂದ. ಮನೆಗಳ ಬಣ್ಣ ಫೋಟೋದಲ್ಲಿ ಇರುವಷ್ಟೇ ಗಾಢ. ಆದರೆ ದೂರವನ್ನು ನೋಡಿ. ಊರಿನ ಉತ್ತರ ದಂಡೆಯ ಫೊಂದಮೆಂತೆ ನೋವೆಯಿಂದ 12ನೇ ನಂಬರ್ ದೋಣಿಯಲ್ಲಿ ಮುಕ್ಕಾಲು ಗಂಟೆ. ನಿಲ್ದಾಣದಿಂದ ಅಲ್ಲಿಗೆ ಬರಲು ಮತ್ತೆ ಅರ್ಧ ಗಂಟೆ. ಬೇಸಿಗೆಯಲ್ಲಿ ದೋಣಿ ತುಂಬಿದ್ದರೆ ಮುಂದಿನದಕ್ಕೆ ಕಾಯಬೇಕು. ಹೋಗಿ ಬರಲು ಮೂರು ಗಂಟೆ, ಅಲ್ಲಿ ಒಂದೂವರೆ ಗಂಟೆ. ದಿನದ ಅರ್ಧ ಮುಗಿಯಿತು.

ಮುರಾನೊ ಹತ್ತಿರ. ನಿಲ್ದಾಣದಿಂದಲೇ ಮೂರನೇ ನಂಬರ್ ದೋಣಿ ನೇರ ಹೋಗುತ್ತದೆ. ಬೆಂಕಿಯ ಭಯಕ್ಕೆ 1291ರಲ್ಲಿ ವೆನಿಸ್ ಸರಕಾರ ಗಾಜಿನ ಕುಲುಮೆಗಳನ್ನೆಲ್ಲ ಇಲ್ಲಿಗೆ ಸಾಗಿಸಿತು. ಕುಶಲಕರ್ಮಿ ಉರಿಯುವ ಗಾಜಿನ ಉಂಡೆಯಿಂದ ಅರೆಗಳಿಗೆಯಲ್ಲಿ ಕುದುರೆ ಮಾಡುವುದನ್ನು ನೋಡಲು ಮಕ್ಕಳಿಗೆ ತುಂಬ ಖುಷಿ. ಒಂದು ಎಚ್ಚರಿಕೆ: ಚೌಕದ ಹತ್ತಿರ ‘ಮುರಾನೊಗೆ ಉಚಿತ ದೋಣಿ’ ಎಂದು ಕರೆಯುವವರು ಇರುತ್ತಾರೆ. ಆ ದೋಣಿ ನೇರ ಅಂಗಡಿಯ ಬಾಗಿಲಿಗೇ ಹೋಗುತ್ತದೆ, ಕೊಳ್ಳದೆ ಹೊರಬರುವುದು ಮುಜುಗರ. ಕೊಳ್ಳುವುದಿದ್ದರೆ ‘ವೆತ್ರೊ ಆರ್ತಿಸ್ತಿಕೊ ಮುರಾನೊ’ ಗುರುತು ನೋಡಿ. ಬುರಾನೊದ ಲೇಸ್ ಕೂಡ ಹಾಗೆಯೇ. ಕೈಯಲ್ಲಿ ಹೆಣೆದದ್ದು ತುಂಬ ದುಬಾರಿ. ಹತ್ತು ಯೂರೋಗೆ ಸಿಗುವುದು ಯಂತ್ರದ್ದು.

ಇನ್ನೂ ಮುಂದೆ ತೊರ್ಚೆಲ್ಲೊ ಇದೆ. ವೆನಿಸ್‌ಗಿಂತ ಮೊದಲೇ ಬೆಳೆದಿದ್ದ ಊರು. 639ರಲ್ಲಿ ಸ್ಥಾಪನೆಯಾದ ಚರ್ಚ್, ಅದರೊಳಗೆ ಕೊನೆಯ ತೀರ್ಪಿನ ಮೊಸಾಯಿಕ್, ಸುತ್ತ ಹುಲ್ಲು, ಬೆರಳೆಣಿಕೆಯ ಜನ. ನನಗೆ ಬುರಾನೊಗಿಂತ ಇದೇ ಇಷ್ಟ.

ಯಾರಿಗೆ ದ್ವೀಪ? ವೆನಿಸ್‌ಗೆ ಎರಡನೇ ಸಲ ಬಂದವರಿಗೆ. ಮ್ಯೂಸಿಯಂ, ಚರ್ಚ್ ಅಂದರೆ ಬೇಸರ ಬರುವವರಿಗೆ. ಬೇಸಿಗೆಯ ಉದ್ದದ ಹಗಲಿರುವವರಿಗೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತದೆ, ಆಗ ಬಣ್ಣದ ಮನೆಗಳಿಗೆ ಅಷ್ಟು ದೂರ ಹೋಗುವುದು ಬೇಡ. ಮೊದಲ ಸಲ ಬಂದು, ದ್ವೀಪಕ್ಕೆ ಹೋಗಿ, ಮುಖ್ಯ ಊರನ್ನು ಓಡುತ್ತ ನೋಡಿ ಹೋಗುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಗೊಂಡೊಲಾ

ನಗರಸಭೆ ಗೊತ್ತುಪಡಿಸಿದ ದರ ಹಗಲು 30 ನಿಮಿಷಕ್ಕೆ 90 ಯೂರೋ. ಸಂಜೆ ಏಳರ ನಂತರ 35 ನಿಮಿಷಕ್ಕೆ 110. ಇದು ದೋಣಿಗೆ, ತಲೆಗೆ ಅಲ್ಲ. ಐದು ಜನ ಕೂರಬಹುದು. ಐವರಿದ್ದರೆ ತಲೆಗೆ 18 ಯೂರೋ, ಅಂದರೆ ವಪೊರೆಟ್ಟೊ ಪಾಸ್‌ಗಿಂತ ಕಡಿಮೆ. ಇಬ್ಬರೇ ಇದ್ದರೆ ತಲೆಗೆ 45. ಹೀಗೆ ನೋಡಿದರೆ ತೀರ್ಮಾನ ಸುಲಭ. ದೊಡ್ಡ ಕುಟುಂಬ ಧೈರ್ಯವಾಗಿ ಹತ್ತಬಹುದು. ಜೋಡಿಗಳು ತಮ್ಮ ಬಜೆಟ್ ನೋಡಿಕೊಳ್ಳಿ. ಒಬ್ಬರೇ ಬಂದವರು 2 ಯೂರೋದ ತ್ರಾಗೆಟ್ಟೊದಲ್ಲಿ ತೃಪ್ತಿಪಡಬಹುದು.

ಎಲ್ಲಿ ಹತ್ತುತ್ತೀರಿ ಎನ್ನುವುದು ಮುಖ್ಯ. ಸೇಂಟ್ ಮಾರ್ಕ್ ಎದುರಿನ ದಂಡೆಯಲ್ಲಿ ಅಲೆ ಜಾಸ್ತಿ, ರಿಯಾಲ್ಟೊ ಹತ್ತಿರ ದೋಣಿಗಳ ಟ್ರಾಫಿಕ್ ಜಾಮ್. ಸಾನ್ ಪೋಲೊ, ಸಾನ್ ತೊಮಾ ಕಡೆಯ ಒಳಗಿನ ಕಾಲುವೆಗಳಲ್ಲಿ ಹುಟ್ಟು ನೀರಿಗೆ ತಾಗುವ ಸದ್ದು ಕೇಳುತ್ತದೆ. ಹತ್ತುವ ಮುಂಚೆಯೇ ದರ, ನಿಮಿಷ, ದಾರಿ ಮೂರನ್ನೂ ಮಾತಾಡಿಕೊಳ್ಳಿ. ಹಾಡು ಈ ದರದಲ್ಲಿ ಸೇರಿಲ್ಲ. ಕೂತ ಮೇಲೆ ದೋಣಿಯನ್ನು ಗಮನಿಸಿ. ಅದರ ಎಡಭಾಗ ಬಲಕ್ಕಿಂತ 24 ಸೆಂಟಿಮೀಟರ್ ಅಗಲ. ಒಂದೇ ಕಡೆಯಿಂದ ಹುಟ್ಟು ಹಾಕಿದರೂ ದೋಣಿ ನೇರ ಹೋಗುವುದು ಈ ವಾರೆಯಿಂದಲೇ.

ಊಟ, ನೀರು, ಮಳೆ

ಸಸ್ಯಾಹಾರಿಗಳು ಸ್ವಲ್ಪ ಹುಷಾರಾಗಿರಬೇಕು. ವೆನಿಸ್‌ನ ಅಡುಗೆ ಮೀನಿನದು. ಬರೀ ಈರುಳ್ಳಿಯ ಸಾರಿನಂತೆ ಕಾಣುವ ‘ಬಿಗೊಲಿ ಇನ್ ಸಾಲ್ಸಾ’ ಪಾಸ್ತಾದಲ್ಲೂ ಮೀನು ಇರುತ್ತದೆ. ಟೊಮೆಟೊ ಪಾಸ್ತಾ, ಮಾರ್ಗೆರಿತಾ ಪಿಜ್ಜಾ, ತರಕಾರಿ ತುಂಬಿದ ತ್ರಾಮೆಜಿನೊ ಸ್ಯಾಂಡ್‌ವಿಚ್ ಎಲ್ಲ ಕಡೆ ಸಿಗುತ್ತವೆ. ಕಾಫಿಯನ್ನು ಕೌಂಟರ್‌ನಲ್ಲಿ ನಿಂತು ಕುಡಿದರೆ ಅಗ್ಗ. ಸೇಂಟ್ ಮಾರ್ಕ್ ಚೌಕದ ಕೆಫೆಗಳಲ್ಲಿ ವಾದ್ಯ ನುಡಿಯುತ್ತಿದ್ದರೆ ಅದಕ್ಕೂ ಬಿಲ್‌ನಲ್ಲಿ ಸೇರಿಸುತ್ತಾರೆ. ಕುಡಿಯುವ ನೀರಿನ ನಲ್ಲಿಗಳು ಚೌಕಗಳಲ್ಲಿವೆ, ಬಾಟಲಿ ತುಂಬಿಕೊಳ್ಳಿ. ಸೇಂಟ್ ಮಾರ್ಕ್ ಚೌಕದಲ್ಲಿ ನೆಲದ ಮೇಲೆ ಕೂತು ತಿಂದರೆ ದಂಡ. ಪಾರಿವಾಳಗಳಿಗೆ ಕಾಳು ಹಾಕಿದರೂ ದಂಡ.

ಅಕ್ಟೋಬರ್‌ನಿಂದ ಜನವರಿವರೆಗೆ ಸಮುದ್ರದ ನೀರು ಊರಿಗೆ ನುಗ್ಗುವ ಕಾಲ. 2019ರ ನವೆಂಬರ್‌ನಲ್ಲಿ ನೀರು 187 ಸೆಂಟಿಮೀಟರ್‌ವರೆಗೆ ಏರಿತ್ತು. 2020ರ ಅಕ್ಟೋಬರ್‌ನಿಂದ ಹಿನ್ನೀರಿನ ಬಾಯಲ್ಲಿ ಮೋಸೆ ಎಂಬ ಎತ್ತುವ ಬಾಗಿಲುಗಳು ಕೆಲಸ ಮಾಡುತ್ತಿವೆ. ಹಾಗಾಗಿ ದೊಡ್ಡ ಪ್ರವಾಹದ ಭಯ ಬೇಡ. ಸೇಂಟ್ ಮಾರ್ಕ್ ಚೌಕ ತಗ್ಗಿನಲ್ಲಿರುವುದರಿಂದ ಅಲ್ಲಿ ಪಾದ ಮುಳುಗುವಷ್ಟು ನೀರು ಆಗಾಗ ಬರಬಹುದು. ಆ ತಿಂಗಳುಗಳಲ್ಲಿ ಹೋಗುವವರು ಇನ್ನೊಂದು ಜೊತೆ ಸಾಕ್ಸ್ ಇಟ್ಟುಕೊಳ್ಳಿ.

ನಿಮ್ಮ ದಿನ ಯಾವುದು?

ಮೊದಲ ಸಲ, ಗಟ್ಟಿ ಕಾಲು, ಮಧ್ಯಮ ಬಜೆಟ್: ಬೆಳಿಗ್ಗೆ ಎಂಟಕ್ಕೆ ಒಂದನೇ ನಂಬರ್ ದೋಣಿ, ಒಂಬತ್ತಕ್ಕೆ ಅರಮನೆಯ ಬಾಗಿಲು ತೆಗೆಯುವಾಗಲೇ ಒಳಗೆ, ಆಮೇಲೆ ನಾನು ಹೇಳಿದ ನಡಿಗೆಯನ್ನು ತಿರುವುಮುರುವಾಗಿ ನಿಲ್ದಾಣದವರೆಗೆ. ತಲೆಗೆ ನಲವತ್ತೈದು ಯೂರೋ ಆಸುಪಾಸು. ಹೆಚ್ಚಿನವರಿಗೆ ಹೊಂದುವುದು ಇದೇ.

ವಿದ್ಯಾರ್ಥಿಗಳು, ಕೈ ಬಿಗಿ ಇದ್ದವರು: ಬರೀ ನಡಿಗೆ, ತ್ರಾಗೆಟ್ಟೊ, ಫ್ರಾರಿ. ದುಡ್ಡು ಉಳಿದರೆ ರಾತ್ರಿ ವಾಪಸ್ ಹೋಗುವಾಗ ಒಂದನೇ ನಂಬರ್. ಹಿರಿಯರ ಜೊತೆ: ಪಾಸ್, ದೊಡ್ಡ ಕಾಲುವೆ, ಸಾನ್ ಜಾರ್ಜೊ, ಮಧ್ಯಾಹ್ನ ವಿಶ್ರಾಂತಿ, ಸೇಂಟ್ ಮಾರ್ಕ್ ಚರ್ಚ್. ಸಣ್ಣ ಮಕ್ಕಳ ಜೊತೆ: ಪಾಸ್, ಮುರಾನೊ ಗಾಜು, ದೊಡ್ಡ ಕಾಲುವೆ.

ಬಜೆಟ್ ಸ್ವಲ್ಪ ಹಿಗ್ಗಿಸಬಹುದಾದವರು ಆ ದುಡ್ಡನ್ನು ಗೊಂಡೊಲಾಕ್ಕೆ ಹಾಕುವ ಬದಲು ಒಂದು ರಾತ್ರಿಯ ಹೋಟೆಲ್‌ಗೆ ಹಾಕಿ. ಮೆಸ್ತ್ರೆಯಲ್ಲಿ ರೂಮು ಅಗ್ಗ, ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ವೆನಿಸ್ ಊರಿನೊಳಗೇ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲೂ ಕನ್ನರೆಜೊದಲ್ಲಿ. ಮುಂಜಾನೆ ಮತ್ತು ರಾತ್ರಿಯ ಖಾಲಿ ಓಣಿಗಳು ಬೇರೆ ಯಾವ ಟಿಕೆಟ್ಟಿಗೂ ಸಿಗುವುದಿಲ್ಲ.

ಟ್ರಾವೆಲ್ಸ್‌ನವರ ಗುಂಪಿನಲ್ಲಿ ಬರುವವರಿಗೆ ಇಷ್ಟೆಲ್ಲ ಆಯ್ಕೆ ಇರುವುದಿಲ್ಲ. ಸಾಮಾನ್ಯವಾಗಿ ಬಸ್ಸು, ವಾಹನ ನಿಲ್ಲಿಸುವ ದ್ವೀಪ ತ್ರೊಂಕೆತ್ತೊದಲ್ಲಿ ಬಿಡುತ್ತದೆ, ಬೇರೆ ದೋಣಿಯಲ್ಲಿ ಸೇಂಟ್ ಮಾರ್ಕ್‌ಗೆ ಕರೆತರುತ್ತಾರೆ, ಗಾಜಿನ ಅಂಗಡಿ ತೋರಿಸುತ್ತಾರೆ, ಆಮೇಲೆ ಎರಡು ಮೂರು ಗಂಟೆ ಬಿಡುವು ಕೊಡುತ್ತಾರೆ. ಆ ಬಿಡುವಿನಲ್ಲಿ ರಿಯಾಲ್ಟೊ ಕಡೆಗೆ ಹೋಗಬೇಡಿ, ಹೋಗಿ ಬರುವುದರಲ್ಲೇ ಗುಂಪಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಮುಂಚೆಯೇ ಚರ್ಚ್‌ಗೆ ಆ ಹೊತ್ತಿನ ಟಿಕೆಟ್ ಮಾಡಿಸಿಟ್ಟುಕೊಳ್ಳಿ. ಅದು ಮುಗಿದ ಮೇಲೆ ನೀರಿನ ದಂಡೆ ಹಿಡಿದು ಅರಮನೆಯ ಆಚೆಗೆ, ಕಸ್ತೆಲ್ಲೊ ಬಡಾವಣೆಯ ಕಡೆಗೆ ನಡೆಯಿರಿ. ಹತ್ತು ನಿಮಿಷಕ್ಕೆ ಜನ ಕಡಿಮೆಯಾಗುತ್ತಾರೆ. ಇನ್ನೂ ಸ್ವಲ್ಪ ಮುಂದೆ ಹೋದರೆ ವೆನಿಸ್‌ನ ಹಡಗು ಕಟ್ಟುತ್ತಿದ್ದ ಆರ್ಸೆನಾಲೆಯ ಸಿಂಹಗಳಿರುವ ಹೆಬ್ಬಾಗಿಲು ಬರುತ್ತದೆ. ಅಲ್ಲಿಂದ ಚೌಕಕ್ಕೆ ವಾಪಸ್ ಬರಲು ಕಾಲು ಗಂಟೆ ಸಾಕು. ಗುಂಪು ಸೇರಬೇಕಾದ ಹೊತ್ತಿಗೆ ಅರ್ಧ ಗಂಟೆ ಮುಂಚೆ ಹೊರಡಿ.